ಅಂತರ್ಭಂಗ ಮೀಮಾಂಸೆ: ಕರ್ನಲ್ ಒಳಗೊಳಗೇ ಕುಸಿದಾಗ ಅನುಸರಿಸತಕ್ಕ ಶಿಷ್ಟಾಚಾರದ ಕುರಿತು ಬೆಳಗಾವಿ ಕೋಟೆ ಸೀಮೆಯಿಂದ ಒಂದು ಪ್ರೌಢ ಪ್ರಬಂಧ

ಸಾರಲೇಖ

ಪ್ರಸ್ತುತ ಪ್ರಬಂಧವು ಗಣಕಾಂತರ್ಗತ ಪರಮಾಧಿಕಾರ ತಂತ್ರಾಂಶದ ಪ್ರಜ್ಞಾಪೂರ್ವಕ ಸ್ವಯಂಸ್ಥಗನ ಪ್ರಕ್ರಿಯೆಗೆ ಬಹುಆಯಾಮೀಯ, ಅಂತರಶಿಸ್ತೀಯ, ಸಮಗ್ರ ಹಾಗೂ ಸುಸ್ಥಿರ ಚೌಕಟ್ಟೊಂದನ್ನು ಪ್ರಸ್ತಾಪಿಸುತ್ತದೆ. ಪ್ರಸ್ತಾಪಿತ ಚೌಕಟ್ಟು ಈವರೆಗಿನ ಎಲ್ಲ ಚೌಕಟ್ಟುಗಳಿಗಿಂತ ಮೇಲಾದುದೆಂದು ಪ್ರಸ್ತಾಪಿಸಿದವರೇ ಪರೀಕ್ಷಿಸಿ ಕಂಡುಕೊಂಡಿದ್ದಾರೆ. ಪ್ರಮುಖ ಪದಗಳು: ಕರ್ನಲ್, ಕುಸಿತ, ಕೋಟೆ, ಉತಾರ, ಕೃತಕ ಬುದ್ಧಿಮತ್ತೆ. ಈ ಕೊನೆಯ ಪದಕ್ಕೂ ಪ್ರಬಂಧಕ್ಕೂ ಸಂಬಂಧವಿಲ್ಲ. ಅದಿಲ್ಲದಿದ್ದರೆ ಈಗ ಯಾವ ಅಂತರರಾಷ್ಟ್ರೀಯ ಸಮ್ಮೇಳನವೂ ಪ್ರಬಂಧವನ್ನು ಬಾಗಿಲೊಳಗೆ ಬಿಡುವುದಿಲ್ಲ.

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ

ಶಾಸ್ತ್ರಗ್ರಂಥಕ್ಕೆ ಕೈಹಾಕುವವನು ಈ ನಾಲ್ಕನ್ನು ಮೊದಲೇ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ, ಮೇಲೆ ಹೇಳಿದ್ದು. ಪ್ರಯೋಜನ, ಬಡ್ತಿ. ಸಂಬಂಧ, ಪ್ರಬಂಧಕ್ಕೂ ಬಡ್ತಿಗೂ ಇರುವ ಜನ್ಯಜನಕ ಭಾವ. ಇನ್ನು ಅಧಿಕಾರಿ, ಎಂದರೆ ಇದನ್ನು ಓದಲು ಯೋಗ್ಯತೆಯುಳ್ಳವನು, ಎರಡು ಬಗೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ, 1998ರಲ್ಲಿ ಹುಟ್ಟಿದ್ದು. ಅದರ ಪಠ್ಯಕ್ರಮದಲ್ಲಿ ಆಪರೇಟಿಂಗ್ ಸಿಸ್ಟಮ್ ಪತ್ರಿಕೆ ಬರೆದು ಪಾಸಾದವರು ಮೊದಲ ಬಗೆ. ಅದೇ ದಾರಿಯ ಬಸ್ಸಿನಲ್ಲಿ ಉತಾರ, ಎಂದರೆ ಹೊಲದ ಪಹಣಿ, ತರಲು ಹೋಗಿ ಬರಿಗೈಯಲ್ಲಿ ಮರಳಿದವರು ಎರಡನೆಯ ಬಗೆ. ವಿಷಯ ಎರಡನೆಯವರಿಗೇ ಹೆಚ್ಚು ಗೊತ್ತು ಎಂಬುದು ಗ್ರಂಥಕರ್ತನ ಪಕ್ಷ. ಅದನ್ನು ಮುಂದೆ ಸಾಧಿಸಲಾಗುವುದು.

ಕ್ಯಾಂಪ್ ಭಾಗದ ಓದುಗರು ಗಾಬರಿಯಾಗಬಾರದು, ಇಲ್ಲಿ ಹೇಳುವ ಕರ್ನಲ್ ಮರಾಠಾ ಲಘು ಪದಾತಿ ದಳದವರಲ್ಲ. ಇದು ಕಂಪ್ಯೂಟರಿನ ಒಳಗಿರುವುದು. ಮೆಮೊರಿ ಯಾರಿಗೆಷ್ಟು, ಸಿಪಿಯು ಯಾರಿಗೆ ಎಷ್ಟು ಹೊತ್ತು, ಡಿಸ್ಕಿನಲ್ಲಿ ಯಾರು ಎಲ್ಲಿ ಬರೆಯಬಹುದು ಎಂಬುದನ್ನೆಲ್ಲ ತೀರ್ಮಾನಿಸುವ ಪ್ರೋಗ್ರಾಮು. ಬೇರೆ ಪ್ರೋಗ್ರಾಮು ತಪ್ಪಿದರೆ ಕರ್ನಲ್ ಅದರ ಕತ್ತು ಹಿಡಿದು ಆಚೆ ಹಾಕುತ್ತದೆ. ತಪ್ಪು ಕರ್ನಲ್ಲಿನದೇ ಆದರೆ ಆಚೆ ಹಾಕುವವರು ಯಾರೂ ಇಲ್ಲ. ಅದು ತನ್ನ ವಿಷಯದಲ್ಲಿ ತಾನೇ ತೀರ್ಪು ಕೊಡಬೇಕು, ತಾನೇ ಜಾರಿ ಮಾಡಬೇಕು. ಕೆಟ್ಟಿರುವ ತಲೆಯಿಂದಲೇ ತಲೆ ಕೆಟ್ಟಿದೆಯೆಂದು ತಿಳಿಯಬೇಕು. ಇಡೀ ಶಾಸ್ತ್ರ ಹುಟ್ಟಿದ್ದು ಈ ಇಕ್ಕಟ್ಟಿನಿಂದ.

ಪೂರ್ವಸೂರಿಗಳ ಅವಲೋಕನ

ಪೂರ್ವಸೂರಿಗಳನ್ನು ಹೆಸರಿಸದ ಪ್ರಬಂಧ ಪ್ರಬಂಧವಲ್ಲ. ಓದದೆ ಹೆಸರಿಸುವುದು ಸಂಪ್ರದಾಯ, ಓದಿ ಹೆಸರಿಸುವುದು ಅಹಂಕಾರ. ಈ ಲೇಖಕನಿಗೆ ಸ್ವಲ್ಪ ಅಹಂಕಾರವಿದೆ.

1960ರ ದಶಕದಲ್ಲಿ ಎಂಐಟಿ, ಬೆಲ್ ಲ್ಯಾಬ್ಸ್ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಮಲ್ಟಿಕ್ಸ್ ಎಂಬ ವ್ಯವಸ್ಥೆ ಕಟ್ಟತೊಡಗಿದವು. ಅದರಲ್ಲಿ ಕೆಲಸ ಮಾಡಿದ ಟಾಮ್ ವ್ಯಾನ್ ವ್ಲೆಕ್ ಒಮ್ಮೆ ಯೂನಿಕ್ಸಿನ ಡೆನ್ನಿಸ್ ರಿಚಿಯ ಹತ್ತಿರ ತನ್ನ ಕಷ್ಟ ತೋಡಿಕೊಂಡನಂತೆ: ತಾನು ಬರೆಯುವ ಕೋಡಿನಲ್ಲಿ ಅರ್ಧಕ್ಕರ್ಧ ತಪ್ಪಾದಾಗ ಚೇತರಿಸಿಕೊಳ್ಳಲು ಬರೆಯುವುದೇ ಆಗಿದೆ ಎಂದು. ನಾವು ಅದನ್ನೆಲ್ಲ ಬಿಟ್ಟೇಬಿಟ್ಟೆವು ಎಂದನಂತೆ ರಿಚಿ. ತಪ್ಪಾದರೆ ಪ್ಯಾನಿಕ್ ಎಂಬುದನ್ನು ಕರೆಯುತ್ತೇವೆ, ಯಂತ್ರ ಬೀಳುತ್ತದೆ, ಪಡಸಾಲೆಯತ್ತ ಮುಖ ಮಾಡಿ ರೀಬೂಟ್ ಮಾಡಿರಪ್ಪಾ ಎಂದು ಕೂಗುತ್ತೇವೆ. ಇದನ್ನು ಇನ್ನು ಮುಂದೆ ಶಾಸ್ತ್ರದಲ್ಲಿ ಪಡಸಾಲೆ-ಕೂಗು ನ್ಯಾಯ ಎಂದು ಕರೆಯತಕ್ಕದ್ದು. ಈ ನ್ಯಾಯದಲ್ಲಿ ಪಡಸಾಲೆಯ ತುದಿಯಲ್ಲಿ ಕೇಳಿಸಿಕೊಳ್ಳುವವನೊಬ್ಬ ಇದ್ದ, ಅವನ ಕೈಗೆ ಯಂತ್ರ ಸಿಗುತ್ತಿತ್ತು ಎಂಬುದನ್ನು ವ್ಯಾಖ್ಯಾನಕಾರರು ಮರೆತಿದ್ದಾರೆ. ಆಮೇಲೆ ಬಂದವರು ಬೀಳುವ ವ್ಯವಸ್ಥೆಯನ್ನು ಉಳಿಸಿಕೊಂಡು ಪಡಸಾಲೆಯನ್ನು ಕೆಡವಿದರು.

ಲಿನಕ್ಸ್ ಸಂಪ್ರದಾಯದಲ್ಲಿ ದೋಷಕ್ಕೆ ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲು ಎಚ್ಚರಿಕೆ: ದಾಖಲೆಯಲ್ಲಿ ಗುರುತು ಹಾಕಿ ಕೆಲಸ ಮುಂದುವರಿಸುವುದು. ನಡುವಿನದು ಊಪ್ಸ್: ತಪ್ಪಿನ ಹೊತ್ತಿಗೆ ಯಾವ ಕೆಲಸ ನಡೆದಿತ್ತೋ ಅದೊಂದನ್ನು ಕೊಂದು, ಏನಾಯಿತೆಂದು ಬರೆದಿಟ್ಟು, ಉಳಿದವರೊಡನೆ ಏಗುವುದು. ಮೇಲಿನದು ಪ್ಯಾನಿಕ್: ಎಲ್ಲವೂ ನಿಲ್ಲುವುದು. ಕೋಡ್ ಬರೆಯುವವನು ಇಲ್ಲಿ ಹೀಗಾಗಲು ಸಾಧ್ಯವೇ ಇಲ್ಲ, ಆಗಿಬಿಟ್ಟರೆ ಯಂತ್ರ ಸಾಯಲಿ ಎಂದು ಹಾಕುವ ಗೂಟಕ್ಕೆ ಬಗ್-ಆನ್ ಎಂದು ಹೆಸರು. 2016ರ ಅಕ್ಟೋಬರಿನಲ್ಲಿ 4.8ನೇ ಆವೃತ್ತಿ ಹೊರಬಿದ್ದ ಬೆನ್ನಿಗೇ ಇಂಥದೊಂದು ಗೂಟದಿಂದ ಲಿನಸ್ ಟೊರ್ವಾಲ್ಡ್ಸ್ ಕೆಂಡಾಮಂಡಲವಾದ. ಲೆಕ್ಕದಲ್ಲೊಂದು ಚಿಕ್ಕ ಅನುಮಾನ ಬಂತೆಂದು ಜನರ ಯಂತ್ರವನ್ನು ಕೊಲ್ಲಲು ನೀವು ಯಾರು ಎಂಬುದು ಅವನ ತಕರಾರು. ಅವನ ಸಿಟ್ಟಿನ ಭಾಷೆ ಜಗತ್ಪ್ರಸಿದ್ಧ, ಅದರ ಅನುವಾದ ಈ ಪ್ರಬಂಧದ ಘನತೆಗೆ ತಕ್ಕುದಲ್ಲ. ಹೊಸ ಕೋಡಿನಲ್ಲಿ ಬಗ್-ಆನ್ ಬಳಸಬೇಡಿ, ಎಚ್ಚರಿಕೆ ಕೊಡಿ, ಅದನ್ನೂ ಒಂದೇ ಸಲ ಕೊಡಿ, ಸಾಧ್ಯವಾದಷ್ಟು ಸಾವರಿಸಿಕೊಳ್ಳಿ ಎಂದು ಈಗ ಅವರ ನಿಯಮಾವಳಿಯಲ್ಲೇ ಇದೆ.

ಇದಕ್ಕೆ ಎದುರು ಪಕ್ಷವೂ ಇದೆ. ಬ್ಯಾಂಕಿನ ಯಂತ್ರ, ಗುಟ್ಟು ಕಾಯುವ ಯಂತ್ರ ನಡೆಸುವವರು ಊಪ್ಸ್ ಬಂದರೂ ಪ್ಯಾನಿಕ್ಕೇ ಆಗಲಿ ಎಂದು ಒಂದು ಸ್ವಿಚ್ಚು ಒತ್ತಿ ಇಟ್ಟಿರುತ್ತಾರೆ. ತಲೆ ಕೆಟ್ಟ ಗುಮಾಸ್ತ ರಜೆ ಹಾಕಿದರೆ ಒಂದು ದಿನದ ನಷ್ಟ, ಕುರ್ಚಿಯಲ್ಲಿ ಕೂತು ಬರೆಯುತ್ತಲೇ ಹೋದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯದ ನಷ್ಟ ಎಂಬುದು ಅವರ ವಾದ. ಈ ಎರಡೂ ಪಕ್ಷಗಳು ಒಪ್ಪುವ ಒಂದು ಮಾತಿದೆ. ಲಿನಕ್ಸಿನ ಪ್ಯಾನಿಕ್ ಸಂದೇಶದ ತಲೆಯಲ್ಲೇ ಅದು ಇರುತ್ತದೆ: ಕರ್ನಲ್ ಪ್ಯಾನಿಕ್, ನಾಟ್ ಸಿಂಕಿಂಗ್. ಮೆಮೊರಿಯಲ್ಲಿ ಉಳಿದಿರುವುದನ್ನು ಡಿಸ್ಕಿಗೆ ಇಳಿಸುವುದಿಲ್ಲ ಎಂದು ಅದರ ತಾತ್ಪರ್ಯ. ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಹೋಗಿದೆ, ಆದ್ದರಿಂದ ನಿಮ್ಮ ಕಡತಕ್ಕೆ ಕೈ ಹಚ್ಚುವುದಿಲ್ಲ ಎಂದು ಸಾಯುವ ಯಂತ್ರ ಹೇಳುತ್ತದೆ. ಇಂಥ ಸಭ್ಯತೆಯನ್ನು ನಾನು ಮನುಷ್ಯರಲ್ಲಿ, ಅದರಲ್ಲೂ ರಬ್ಬರ್ ಸ್ಟ್ಯಾಂಪ್ ಹಿಡಿದವರಲ್ಲಿ, ಬಹಳ ಕಂಡಿಲ್ಲ.

ಮಾರಕ ದೋಷಗಳ ವರ್ಗೀಕರಣ

ಮಾರಕ ದೋಷಗಳು ಹದಿನಾರು ವಿಧ. ಸ್ಥಾವರ, ಜಂಗಮ ಎಂದು ಎರಡು; ಅವು ವ್ಯಕ್ತ, ಅವ್ಯಕ್ತ ಎಂದು ನಾಲ್ಕು; ಅವು ಸಹಜ, ಆಗಂತುಕ ಎಂದು ಎಂಟು; ಅವು ಒಪ್ಪಿಕೊಂಡದ್ದು, ಮುಚ್ಚಿಟ್ಟದ್ದು ಎಂದು ಹದಿನಾರು. ಇವುಗಳ ಲಕ್ಷಣಗಳನ್ನು ಕ್ರಮವಾಗಿ ನಿರೂಪಿಸಲಾಗುವುದು.

ಒಂದನೆಯದು ಶೂನ್ಯಸೂಚೀ ದೋಷ. ಸೂಚಿ ಸೊನ್ನೆಯತ್ತ ಕೈ ಮಾಡಿರುತ್ತದೆ. ಅಲ್ಲೇನೋ ಇದೆಯೆಂದು ನಂಬಿ ಕರ್ನಲ್ ಕೈ ಹಾಕುತ್ತದೆ. ಕೆಲವು ಅಭಿವೃದ್ಧಿ ನಿಗಮಗಳ ಅಧ್ಯಕ್ಷಸ್ಥಾನ ವಹಿಸಿಕೊಂಡವರಿಗೆ ಇದರ ಅನುಭವ ಇರುತ್ತದೆ.

ಎರಡನೆಯದು ಪರಸೀಮಾಪ್ರವೇಶ ದೋಷ. ತನ್ನದಲ್ಲದ ಮೆಮೊರಿಯನ್ನು ಓದಲು ಹೋಗುವುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಕಡತದಲ್ಲಿ ಇಪ್ಪತ್ತೊಂದನೆಯ ಮೌಲ್ಯ ಬೇಕಾಗಿತ್ತು, ಒದಗಿದ್ದು ಇಪ್ಪತ್ತೇ. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆ ಹೊದ್ದು ಮಲಗಿದವು. ಕಾವಲಿಗೆಂದು ಕೋಟೆಯ ಒಳಗೇ ಬಿಟ್ಟುಕೊಂಡವನು ಎಡವಿದ್ದು ಇದು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಆ ದಿನ ಇಂಡಿಗೋದವರು ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಓದುಗರು ಈ ಪೆನ್ನನ್ನು ನೆನಪಿನಲ್ಲಿಡಬೇಕು.

ಮೂರನೆಯದು ಅನ್ಯೋನ್ಯಪ್ರತೀಕ್ಷಾ ದೋಷ, ಅಂದರೆ ಡೆಡ್‌ಲಾಕ್. ಅವನು ಬಿಡಲಿ ಎಂದು ಇವನು, ಇವನು ಬಿಡಲಿ ಎಂದು ಅವನು. ಇದಕ್ಕೆ ಉದಾಹರಣೆ ಕೊಡುವುದು ಬೆಳಗಾವಿಯವರಿಗೆ ಅವಮಾನ ಮಾಡಿದಂತೆ. ಗಡಿ ತಕರಾರಿನ ಮೇಲೆ 1967ರಲ್ಲಿ ಮಹಾಜನ ಆಯೋಗದ ವರದಿ ಬಂತು, 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು, ನವೆಂಬರ್ ಒಂದಕ್ಕೆ ಒಂದು ರಸ್ತೆಯಲ್ಲಿ ರಾಜ್ಯೋತ್ಸವ, ಇನ್ನೊಂದು ರಸ್ತೆಯಲ್ಲಿ ಕರಾಳ ದಿನ, ನಡುವೆ ಪೊಲೀಸರ ವ್ಯಾನು.

ನಾಲ್ಕನೆಯದು ಸ್ಥಾವರ-ಅವ್ಯಕ್ತ-ಆಗಂತುಕ-ಮುಚ್ಚಿಟ್ಟ ದೋಷ. ಇದರ ಲಕ್ಷಣವೇನೆಂದರೆ... ಬಿಡಿ. ಉಳಿದ ಹದಿಮೂರೂ ಒಂದೇ: ಬರೆದವನಿಗೆ ಗೊತ್ತಿತ್ತು, ಹೇಳಲಿಲ್ಲ. ಹದಿನಾರು ಎಂದದ್ದು ಎರಡರ ಘಾತವಾಗಿರಲಿ ಎಂದು. ನಾನು ಕೂತ ಸಮ್ಮೇಳನಗಳಲ್ಲಿ ದೀಪ ಹಚ್ಚಿ ಗಣ್ಯರನ್ನು ಪರಿಚಯಿಸಿ ಶಾಲು ಹೊದಿಸುವ ಹೊತ್ತಿಗೆ ಮಧ್ಯಾಹ್ನದ ಊಟದ ವಾಸನೆ ಬಂದಿರುತ್ತದೆ. ಪ್ರಬಂಧ ಓದಲು ಉಳಿದ ಏಳು ನಿಮಿಷದಲ್ಲಿ ಯಾರೂ ನಾಲ್ಕನೆಯದರ ಆಚೆ ಕೇಳಿಸಿಕೊಂಡದ್ದಿಲ್ಲ.

ದುರ್ಗದೃಷ್ಟಾಂತ

ಬೆಳಗಾವಿಯ ಕೋಟೆ ರಟ್ಟರ ಕಾಲದ್ದು. ಒಳಗಿನ ಕಮಲ ಬಸದಿಯ ವರ್ಷ 1204. 1472-73ರಲ್ಲಿ ಬಹಮನಿಗಳ ಮಹಮೂದ್ ಗವಾನ್ ಇದನ್ನು ಹಿಡಿದ. ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದಿಟ್ಟು ಸಿಡಿಸಿದನೆಂದು ಫೆರಿಷ್ತಾ ಬರೆಯುತ್ತಾನೆ. 1818ರಲ್ಲಿ ಥಾಮಸ್ ಮನ್ರೋ ಮೂರು ವಾರ ಮುತ್ತಿಗೆ ಹಾಕಿ ತೆಗೆದುಕೊಂಡ. ಇವೆಲ್ಲ ಬಾಹ್ಯದೋಷ, ನಮ್ಮ ವಿಷಯದ ಹೊರಗು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯೇ ಬಾಹ್ಯದೋಷ ನಿರ್ವಹಣೆಯ ಪ್ರಥಮ ಸೂತ್ರ. ಸೈಬರ್ ಭದ್ರತೆಯ ಮೂರು ದಿನದ ಕಾರ್ಯಾಗಾರಗಳು ಇವತ್ತಿಗೂ ಎರಡನೆಯ ಸೂತ್ರಕ್ಕೆ ಬಂದಿಲ್ಲ.

ಒಳದೋಷ ಬೇಕಾದರೆ ಇದೇ ಜಿಲ್ಲೆಯ ಕಿತ್ತೂರಿಗೆ ಹೋಗಬೇಕು. 1824ರ ಅಕ್ಟೋಬರ್ 23ರಂದು ಕಿತ್ತೂರಿನವರು ಕಲೆಕ್ಟರ್ ಥ್ಯಾಕರೆಯನ್ನು ಕೆಡವಿ ಗೆದ್ದರು. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಒಳಗಿನವರೇ ಮದ್ದಿಗೆ ಸಗಣಿ ಬೆರೆಸಿದ್ದರೆಂದು ಜನ ಇಂದಿಗೂ ಹೇಳುತ್ತಾರೆ. ಕತೆಯಾದರೂ ಕರ್ನಲ್ ಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಚೀಲ ಎಣಿಸಿದರೆ ಲೆಕ್ಕ ಸರಿ, ತೂಗಿದರೆ ತೂಕ ಸರಿ, ದಾಸ್ತಾನು ಪುಸ್ತಕದಲ್ಲಿ ಸಹಿ ಸರಿ. ಮೆಮೊರಿ ಕೆಟ್ಟಿರುವುದು ತೋಪಿಗೆ ಬತ್ತಿ ಇಟ್ಟ ಗಳಿಗೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಕೆಡಿಸಿದವನು ಅಷ್ಟರಲ್ಲಿ ಇನ್ನೊಂದು ಬುರುಜಿನಲ್ಲಿರುತ್ತಾನೆ. ಕರ್ನಲ್ ತಜ್ಞರು ಹಗಲಿರುಳು ಕೂತು ಹುಡುಕುವುದು ಈ ಇನ್ನೊಂದು ಬುರುಜನ್ನೇ.

ಬಿದ್ದ ಮೇಲೆ ಏನು ಮಾಡಬೇಕೆಂಬುದಕ್ಕೆ ಕೋಟೆಯಿಂದ ಹೊರಗೆ, ಸ್ವಲ್ಪ ಮೇಲಕ್ಕೆ ನೋಡೋಣ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ ಒಂದು ನಿಮಿಷದೊಳಗೆ ಚೂರಾಯಿತು. ದಿಕ್ಕು ಹೇಳುವ ಯಂತ್ರದಲ್ಲಿ 64 ಬಿಟ್ಟಿನ ಸಂಖ್ಯೆಯೊಂದನ್ನು 16 ಬಿಟ್ಟಿನ ಡಬ್ಬಿಗೆ ತುರುಕಲು ಹೋಗಿ ಹಿಡಿಸಲಿಲ್ಲ. ಆ ಲೆಕ್ಕ ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ನಿಯಮದ ಪ್ರಕಾರ ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಂಡಿತು. ಆಪತ್ತಿಗೆಂದು ಇಟ್ಟಿದ್ದ ಜೋಡಿಯೂ ಅದೇ ತಂತ್ರಾಂಶದ್ದು, ಅದು ಕ್ಷಣ ಮೊದಲೇ ಅದೇ ಕಾರಣಕ್ಕೆ ನಿಂತಿತ್ತು. ಸಾಯುವಾಗ ಬರೆದ ದೋಷಪತ್ರವನ್ನು ಮುಖ್ಯ ಕಂಪ್ಯೂಟರು ದಿಕ್ಕಿನ ಸೂಚನೆಯೆಂದೇ ಓದಿ ರಾಕೆಟ್ಟನ್ನು ತಿರುಗಿಸಿತು. ಕಾವಲುಗಾರನ ಕೊನೆಯ ಚೀತ್ಕಾರವನ್ನು ಸೇನಾಪತಿ ಆಜ್ಞೆಯೆಂದು ಪಾಲಿಸಿದ ಪ್ರಸಂಗ.

ಇದಕ್ಕಿಂತ ಇಪ್ಪತ್ತೇಳು ವರ್ಷ ಹಿಂದೆ, 1969ರ ಜುಲೈ 20ರಂದು, ಚಂದ್ರನ ಮೇಲೆ ಇಳಿಯುತ್ತಿದ್ದ ನೌಕೆಯ ಕಂಪ್ಯೂಟರು 1202 ಎಂದು ಅರಚಿತು. ಕೈತುಂಬ ಕೆಲಸ, ಜಾಗವಿಲ್ಲ ಎಂದು ಅದರ ಅರ್ಥ. ಅದು ನಿಲ್ಲಲಿಲ್ಲ. ತಾನೇ ಮರುಚಾಲನೆಗೊಂಡು, ಮುಖ್ಯವಲ್ಲದ ಕೆಲಸ ಕೈಬಿಟ್ಟು, ಇಳಿಸುವ ಕೆಲಸವನ್ನು ಎಲ್ಲಿಗೆ ಬಿಟ್ಟಿತ್ತೋ ಅಲ್ಲಿಂದ ಎತ್ತಿಕೊಂಡಿತು. ಹಾಗಾಗುತ್ತಿದೆಯೆಂದು ಸಂಖ್ಯೆ ಹೇಳಿ ಒಪ್ಪಿಕೊಂಡಿತು ಕೂಡ. ಭೂಮಿಯ ಮೇಲೆ ಆ ಸಂಖ್ಯೆಯ ಅರ್ಥ ಗೊತ್ತಿದ್ದವರು ಕೂತಿದ್ದರು, ಮುಂದುವರಿಸಿ ಎಂದರು. ಪಡಸಾಲೆ ನಾಲ್ಕು ಲಕ್ಷ ಕಿಲೋಮೀಟರು ಉದ್ದವಾಗಿದ್ದರೂ ಕೇಳುವವರು ಇದ್ದರು.

ಸ್ಮೃತಿಕ್ಷಾಮ ಪ್ರಕರಣ

ಹನುಮಂತರಾಯ ಹಗ್ಗ ಮೇಯುವಾಗ ಪೂಜಾರಿ ಶಾವಿಗೆ ಕೇಳಿದ ಎಂಬ ಪ್ರಮಾಣವಾಕ್ಯವನ್ನು ಇಲ್ಲಿ ಅವತರಣಿಕೆಯಾಗಿ ಗ್ರಹಿಸಬೇಕು. ಮೆಮೊರಿಯೆಲ್ಲ ಖಾಲಿಯಾದಾಗಲೂ ಪ್ರೋಗ್ರಾಮುಗಳು ಇನ್ನಷ್ಟು ಕೊಡು ಎನ್ನುತ್ತಲೇ ಇರುತ್ತವೆ. ಆಗ ಲಿನಕ್ಸ್ ಕರ್ನಲ್ ತನ್ನೊಳಗಿನ ಓಓಎಮ್ ಕಿಲ್ಲರ್ ಎಂಬ ಕಟುಕನನ್ನು ಎಬ್ಬಿಸುತ್ತದೆ. ಅವನು ಪ್ರತಿಯೊಬ್ಬರಿಗೂ ಅಂಕ ಹಾಕಿ, ಹೆಚ್ಚು ಅಂಕ ಬಂದವನನ್ನು ಕೊಲ್ಲುತ್ತಾನೆ. ಅಂಕ ಹಾಕುವ ಮುಖ್ಯ ಆಧಾರ, ಯಾರು ಹೆಚ್ಚು ತಿಂದಿದ್ದಾರೆ ಎಂಬುದು. ಕ್ರೂರ ನಿಯಮ, ಆದರೂ ನಿಯಮ. ಯಾರಿಗೆ ವಿನಾಯಿತಿ ಬೇಕೋ ಅವರ ಹೆಸರಿಗೆ ಮೈನಸ್ ಸಾವಿರ ಎಂದು ಬಹಿರಂಗವಾಗಿ ಬರೆದಿರಬೇಕು.

ಶಾವಿಗೆಯ ಮಾತು ಬಂದದ್ದರಿಂದ ಸ್ಥಳೀಯ ಪ್ರಯೋಗವೊಂದನ್ನು ದಾಖಲಿಸುವುದು ಉಚಿತ. ಹಲಗಾ-ಬಸ್ತವಾಡದ ಎತ್ತರದಲ್ಲಿ ಸುವರ್ಣ ವಿಧಾನಸೌಧವಿದೆ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ್ದು. ಚಳಿಗಾಲದ ಅಧಿವೇಶನದ ಹತ್ತು ಹನ್ನೆರಡು ದಿನ ಅದು ದುಡಿಯುತ್ತದೆ. ಉಳಿದಂತೆ ಬಹುಪಾಲು ವರ್ಷ ನಾವು ಪಾಠ ಮಾಡುವಾಗ ಐಡಲ್ ಎನ್ನುವ ಸ್ಥಿತಿ. 2022ರಲ್ಲಿ ಅದರ ಮುಂದಿನ ಕಲ್ಲಿನ ಮೇಲೆ ಗುತ್ತಿಗೆ ಕೆಲಸದ ಹೆಣ್ಣುಮಗಳೊಬ್ಬಳು ಶಾವಿಗೆ ಒಣಗಿಸಿದಳು. ಫೋಟೋ ಊರೆಲ್ಲ ಹರಿದಾಡಿತು. ಘನತೆಗೆ ಕುಂದು ಬಂತೆಂದು ಅವಳನ್ನು ಕೆಲಸದಿಂದ ತೆಗೆದರು. ಇಡೀ ಕಟ್ಟಡದ ಬಿಸಿಲಿನಲ್ಲಿ ಅವಳು ಬಳಸಿದ್ದು ಒಂದು ಸೀರೆಯಗಲ. ತಿಂಗಳುಗಟ್ಟಲೆ ಖಾಲಿ ಬಿದ್ದ ಕಲ್ಲನ್ನು ಆ ವರ್ಷ ಉಪಯೋಗಕ್ಕೆ ತಂದವರು ಎಷ್ಟು ಜನ ಇದ್ದರು, ಲೆಕ್ಕ ಕೊಡಿ. ಕಟುಕನಿಗೂ ಒಂದು ಧರ್ಮವಿದೆ ಎಂದೆನಲ್ಲ, ಹೆಚ್ಚು ತಿಂದವನನ್ನು ಮೊದಲು ನೋಡುವುದು. ನಮ್ಮ ವ್ಯವಸ್ಥೆಯ ಅಂಕಪಟ್ಟಿ ತಲೆಕೆಳಗು. ಕಡಿಮೆ ತಿಂದವರ ಹೆಸರು ಮೇಲಿರುತ್ತದೆ, ಮೈನಸ್ ಸಾವಿರ ಯಾರ್ಯಾರಿಗೆಂದು ಎಲ್ಲೂ ಬರೆದಿರುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ.

ಲೇಖಕನು ಶಾಸ್ತ್ರದ ಧಾಟಿಗೆ ಮರಳುತ್ತಾನೆ.

ಮರಣವಾಕ್ಯದ ಭಾಷಾವಿಚಾರ

ಅಮೀಗಾ ಕಂಪ್ಯೂಟರು ಸಾಯುವಾಗ ಗುರು ಧ್ಯಾನದಲ್ಲಿದ್ದಾರೆ ಎನ್ನುತ್ತಿತ್ತು. ವಿಂಡೋಸ್ 2012ರಿಂದ ಅಳುಮುಖ ತೋರಿಸಿತು, 2025ರಲ್ಲಿ ನೀಲಿ ಬಿಟ್ಟು ಕಪ್ಪಾಯಿತು. ಮ್ಯಾಕ್ ಒಂದು ಕಾಲದಲ್ಲಿ ಇಂಗ್ಲಿಷ್, ಫ್ರೆಂಚ್, ಜರ್ಮನ್, ಜಪಾನಿ ನಾಲ್ಕು ಭಾಷೆಗಳಲ್ಲಿ ಮರುಚಾಲನೆ ಮಾಡಿರೆನ್ನುತ್ತಿತ್ತು. ಲಿನಕ್ಸ್ ಈಗ ಕ್ಯೂಆರ್ ಕೋಡ್ ತೋರಿಸಬಲ್ಲದು, ಫೋನೆತ್ತಿ ಹಿಡಿದರೆ ಸಾವಿನ ವಿವರ ಫೋನಿಗೆ ಬರುತ್ತದೆ. ಬೆಳಗಾವಿಯಲ್ಲಿ ಅಂಗಡಿ ಬೋರ್ಡಿನ ಮೇಲೆ ಯಾವ ಲಿಪಿ ಎಷ್ಟು ದಪ್ಪ ಇರಬೇಕೆಂದು ಬಡಿದಾಟವಾಗುತ್ತದೆ. ಎರರ್ ಮೆಸೇಜಿಗೆ ಈ ತಂಟೆಯಿಲ್ಲ. ಅದು ಕನ್ನಡದವರಿಗೂ ಮರಾಠಿಯವರಿಗೂ ಸಮಾನವಾಗಿ ಅರ್ಥವಾಗುವುದಿಲ್ಲ. ಗಡಿಭಾಗದಲ್ಲಿ ಭಾಷಾ ಸೌಹಾರ್ದ ಸಾಧಿಸಿದ ಏಕೈಕ ವಾಙ್ಮಯ ಅದು.

ಕ್ಷೇತ್ರಾಧ್ಯಯನ

ಕ್ಷೇತ್ರಾಧ್ಯಯನವಿಲ್ಲದ ಪ್ರಬಂಧಕ್ಕೆ ಅಂಕ ಕಡಿಮೆ. ಕ್ಷೇತ್ರ: ಒಂದು ಕೌಂಟರು. ಪ್ರತಿದರ್ಶ: ಅದರ ಮುಂದೆ ನಿಂತವರು. ದತ್ತಾಂಶ ಒಂದೇ ವಾಕ್ಯ: "ಸರ್ವರ್ ಡೌನ್ ಐತ್ರಿ ಅಜ್ಜಾರ, ನಾಳಿ ಬರ್ರಿ."

ಈ ವಾಕ್ಯವನ್ನು ದೋಷಸಂದೇಶವೆಂದು ತಿಳಿದು ವಿಶ್ಲೇಷಿಸಿದರೆ ಅದರ ಪರಿಪೂರ್ಣತೆ ಬೆರಗು ಹುಟ್ಟಿಸುತ್ತದೆ. ಯಾವುದು ಕೆಟ್ಟಿತು, ಯಾವಾಗ ಕೆಟ್ಟಿತು, ಯಾರು ಸರಿಮಾಡುತ್ತಿದ್ದಾರೆ, ಒಂದೂ ಅದರಲ್ಲಿಲ್ಲ. ಬಂದವನ ಅರ್ಜಿ ಎಲ್ಲಿ ನಿಂತಿತೆಂಬ ಗುರುತಿಲ್ಲ, ಅವನು ಬಂದಿದ್ದನೆಂಬುದಕ್ಕೇ ಸಾಕ್ಷಿಯಿಲ್ಲ. ನೀಲಿ ತೆರೆಯಲ್ಲೂ ಒಂದು ಸಂಖ್ಯೆ ಇರುತ್ತದೆ, ಹಿಡಿದುಕೊಂಡು ಬಲ್ಲವರ ಹತ್ತಿರ ಹೋಗಬಹುದು. ಮುದುಕನ ಕೈಯಲ್ಲಿ ಬಸ್ಸಿನ ಟಿಕೆಟು ಮಾತ್ರ ಇರುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸು ಹೇಗೂ ಪುಕ್ಕಟೆಯಲ್ಲವೇ ಎಂದು ಮನೆಯ ಹೆಣ್ಣುಮಕ್ಕಳನ್ನು ಕಳಿಸುವುದುಂಟು, ಆಗ ಅವರ ಒಂದು ದಿನದ ಕೂಲಿ ಹೋಗುತ್ತದೆ.

ಯಾವುದಕ್ಕಾಗಿ ಬಂದಿರುತ್ತಾರೆ? ಉತಾರಕ್ಕೆ. ಪತ್ತಿನ ಸಂಘದ ಸಾಲಕ್ಕೆ ಉತಾರ ಬೇಕು, ಬೆಳೆ ವಿಮೆಗೆ ಬೇಕು, ಅಣ್ಣ ತಮ್ಮಂದಿರ ವಾಟ್ನಿಗೆ (ಪಾಲಿಗೆ) ಬೇಕು. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೌಂಟರು ತೆರೆದ ಮೇಲೆ ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದಾಯಿತು. ಅದು ಒಳ್ಳೆಯದಕ್ಕೇ ಆದದ್ದು. ಕೈಬರಹದ ಕಾಲ ಸ್ವರ್ಗವಾಗಿರಲಿಲ್ಲ. ಪೆನ್ನು ಯಾರದೋ ಹೊಲ ಅವರದು ಎಂಬಂತಿತ್ತು, ಪೆನ್ನಿಗೆ ಶಾಯಿ ಹಾಕಿಸುವ ಖರ್ಚು ರೈತನದು. ಅದನ್ನು ತಪ್ಪಿಸಿದ್ದಕ್ಕೆ ಜಗತ್ತೆಲ್ಲ ಹೊಗಳಿತು, ಹೊಗಳಬೇಕಾದ್ದೇ. ಆದರೆ ಹಳೆಯ ಬಾಗಿಲಿಗೆ ಗೋಡೆ ಕಟ್ಟಿದವರು ಹೊಸ ಬಾಗಿಲು ಕಿರುಗುಟ್ಟಿ ನಿಂತ ದಿನ ಏನು ಮಾಡಬೇಕೆಂದು ಹೇಳಿ ಹೋಗಲಿಲ್ಲ.

ಲಿನಕ್ಸಿನಲ್ಲಿ ಕೆಡಂಪ್ ಎಂಬ ಏರ್ಪಾಡು ಇದೆ. ಯಂತ್ರ ಆರೋಗ್ಯವಾಗಿ ಏಳುವಾಗಲೇ ಮೆಮೊರಿಯ ಒಂದು ಮೂಲೆಯನ್ನು ಮೀಸಲಿಟ್ಟು, ಅಲ್ಲೊಂದು ಚಿಕ್ಕ ಎರಡನೆಯ ಕರ್ನಲ್ಲನ್ನು ಮಲಗಿಸಿರುತ್ತಾರೆ. ದೊಡ್ಡದು ಬಿದ್ದ ಗಳಿಗೆಯಲ್ಲಿ ಚಿಕ್ಕದು ಏಳುತ್ತದೆ, ಬಿದ್ದದ್ದರ ಮೈಯೆಲ್ಲ ನೋಡಿ ಪಂಚನಾಮೆ ಬರೆದಿಡುತ್ತದೆ. ಆ ಮೂಲೆಯನ್ನು ಕಷ್ಟ ಬಂದಾಗ ಹುಡುಕಿದರೆ ಸಿಗುವುದಿಲ್ಲ. ಎಲ್ಲ ಚೆನ್ನಾಗಿರುವಾಗಲೇ, ಇಷ್ಟು ಜಾಗ ಸುಮ್ಮನೆ ದಂಡ ಎಂದು ಲೆಕ್ಕಪರಿಶೋಧಕರು ಆಕ್ಷೇಪಿಸುತ್ತಿರುವಾಗಲೇ, ತೆಗೆದಿಡಬೇಕು. 2024ರ ಆ ಶುಕ್ರವಾರ ವಿಮಾನ ಹತ್ತುವವನಿಗೆ ಇಂಥ ಎರಡನೆಯ ಕರ್ನಲ್ ಇತ್ತು, ಒಂದು ಪೆನ್ನಿನ ರೂಪದಲ್ಲಿ. ಕೈಯಲ್ಲಿ ಬರೆದ ಚೀಟಿ ತೋರಿಸಿದರೆ ಅವನನ್ನು ಮೂವತ್ತು ಸಾವಿರ ಅಡಿ ಎತ್ತರಕ್ಕೆ ಒಯ್ದರು. ಎರಡು ಎಕರೆ ಭತ್ತದ ಗದ್ದೆಯವನಿಗೆ ಕೈಬರಹದ ಚೀಟಿ ಕೊಟ್ಟರೆ ಮಾತ್ರ ದೇಶದ ಭದ್ರತೆ ಕುಸಿಯುತ್ತದೆ.

2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ದಿನಗಟ್ಟಲೆ ತಡವರಿಸಿದಾಗ ಸರ್ಕಾರ ಇದು ಹೊರಗಿನಿಂದ ಆದ ದಾಳಿ ಎಂದು ಕಾರಣ ಹೇಳಿತು, ಪೊಲೀಸರಿಗೆ ದೂರು ಹೋಯಿತು. ಕಾರಣ ಹೇಳಬಹುದು ಎಂಬುದು ಇದರಿಂದ ಸಿದ್ಧ. ಬೆಂಗಳೂರಿನ ಬಿಲ್ಡರುಗಳು ಕಾದಾಗ ಹೇಳಬಹುದು. ಉಳಿದ ದಿನಗಳಲ್ಲಿ "ತಾಂತ್ರಿಕ ಕಾರಣಗಳಿಂದ" ಎಂಬ ಪ್ರಿಂಟೌಟ್ ಗಾಜಿಗೆ ಅಂಟಿರುತ್ತದೆ. ತಂತ್ರ ಕಲಿಸಿ ಹೊಟ್ಟೆ ಹೊರೆಯುವ ನನಗೆ ಆ ಹಾಳೆ ಕಂಡರೆ ಮೈ ಉರಿಯುತ್ತದೆ. ತಾಂತ್ರಿಕ ಕಾರಣ ಎಂದರೆ ಹೇಳಲು ಬರುವಂಥ ಕಾರಣ. ಎಷ್ಟನೆಯ ಸಾಲು, ಯಾವ ವಿಳಾಸ, ಯಾರ ಕರೆಯಿಂದ ಯಾರು ಕರೆದದ್ದು ಎಂದು ಸಾಯುವ ಯಂತ್ರ ಕೊನೆಯುಸಿರಿನಲ್ಲಿ ಬರೆದಿಡುವುದು ತಾಂತ್ರಿಕ. ಬಾಯಿ ಮುಚ್ಚಿಸಲು ಆ ಮಾತನ್ನು ಎರವಲು ಕೊಂಡೊಯ್ದವರು ಯಾರು?

ಖಾನಾಪುರ ತಾಲೂಕಿನ ಭೀಮಗಡ ಕಾಡಿನೊಳಗೆ ಆಮಗಾಂವ, ಗವಾಳಿ, ಕೊಂಗಳಾ, ಪಾಸ್ತೊಳಿ ಎಂಬ ಊರುಗಳಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯಿಲ್ಲ. 2024ರ ಜುಲೈಯಲ್ಲಿ, ಅದೇ ನೀಲಿ ತೆರೆಯ ತಿಂಗಳಲ್ಲಿ, ಆಮಗಾಂವದ ಹೆಣ್ಣುಮಗಳೊಬ್ಬಳಿಗೆ ಎದೆನೋವು ಬಂದು ಊರಿನವರು ಮರದ ಚಟ್ಟ ಕಟ್ಟಿ ಹೆಗಲ ಮೇಲೆ ಮಳೆಯಲ್ಲಿ ಕಾಡುದಾರಿಯ ಮೈಲಿಗಳನ್ನು ಹೊತ್ತು ನಡೆದರು. ಅಲ್ಲಿಂದ ಒಬ್ಬ ಕಾಗದಕ್ಕಾಗಿ ಹೊರಟರೆ ಮೊದಲು ಕಾಡು, ಆಮೇಲೆ ಟಾರು ರಸ್ತೆ, ಆಮೇಲೆ ಬಸ್ಸು. ಅವನಿಗೆ ನಾಳಿ ಬರ್ರಿ ಎನ್ನುವುದು ಯಾವ ದೋಷಕ್ಕೂ ಪರಿಹಾರವಲ್ಲ. ಇದೇ ತಾಲೂಕಿನ ಬೀಡಿ ಎಂಬ ಊರಿನ ಕಚೇರಿಗೆ 1830ರಲ್ಲಿ ಸಂಗೊಳ್ಳಿ ರಾಯಣ್ಣನ ಕಡೆಯವರು ಬೆಂಕಿ ಇಟ್ಟರು. ಮರುವರ್ಷ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಹೊಲದ ಕಾಗದ ಕಚೇರಿಯೊಳಗಿದ್ದು ಹೊಲದವನು ಹೊರಗಿದ್ದರೆ ಏನಾಗುತ್ತದೆಂಬುದು ಈ ಸೀಮೆಗೆ ಹೊಸ ಪಾಠವಲ್ಲ. ಇಂದಿನವರು ಬೆಂಕಿ ಇಡುವುದಿಲ್ಲ. ಎಲೆಯಡಿಕೆ ಚೀಲ ಬಿಗಿದುಕೊಂಡು ಹೋಗಿ ಮರುದಿನ ಮತ್ತೆ ಬರುತ್ತಾರೆ. ಅವರ ಈ ತಾಳ್ಮೆಯನ್ನೇ ನಮ್ಮ ವ್ಯವಸ್ಥೆ ಬ್ಯಾಕಪ್ ಎಂದು ಬಳಸಿಕೊಳ್ಳುತ್ತಿದೆ.

ಸಿದ್ಧಾಂತ

ಆದ್ದರಿಂದ ಸಿದ್ಧಾಂತವೇನೆಂದರೆ, ಒಂದು ಕೆಲಸ ಕೆಟ್ಟರೆ ಅದೊಂದನ್ನೇ ಬೇರ್ಪಡಿಸಬೇಕು. ಇಪ್ಪತ್ತೊಂದನೆಯ ಮೌಲ್ಯ ಸಿಗಲಿಲ್ಲವೆಂದು ಕೋಟೆಯನ್ನೇ ಮುಚ್ಚಬಾರದು. ಇದು ಟೊರ್ವಾಲ್ಡ್ಸ್ ಪಕ್ಷ, ಲೇಖಕನಿಗೆ ಸಮ್ಮತ. ಆದರೆ ತನ್ನ ನೆನಪಿನ ಮೇಲೆ ಅನುಮಾನ ಬಂದ ಕ್ಷಣದಿಂದ ಇನ್ನೊಬ್ಬರ ಕಡತದಲ್ಲಿ ಒಂದಕ್ಷರ ಬರೆಯಬಾರದು. ಇದು ಎದುರು ಪಕ್ಷ, ಇದೂ ಸಮ್ಮತ. ಇವೆರಡಕ್ಕೆ ವಿರೋಧವಿದೆಯೆಂದು ಸಮ್ಮೇಳನಗಳಲ್ಲಿ ಕೂಗಾಡುವವರು ಮೂರನೆಯದನ್ನು ಬಿಟ್ಟಿರುತ್ತಾರೆ: ನಿಂತರೂ ನಡೆದರೂ, ಆದದ್ದೇನೆಂದು ತೊಂದರೆ ಅನುಭವಿಸುವವನಿಗೆ ಅವನ ಮಾತಿನಲ್ಲಿ ಹೇಳಬೇಕು. ಈ ಮೂರನೆಯದರ ಅನುಷ್ಠಾನಕ್ಕೆ ಬೇಕಾದ ಸಂದೇಶದ ಕರಡನ್ನು ಕೆಳಗೆ ಕೊಟ್ಟಿದೆ. ಕರ್ನಲ್ಲಿಗೂ ಕೌಂಟರಿಗೂ ಹೊಂದುವಂತೆ ಮೊದಲು ಬರೆದಿದ್ದೆ, ಆಮೇಲೆ ಕರ್ನಲ್ಲನ್ನು ಬಿಟ್ಟೆ, ಅದಕ್ಕೆ ಹೇಳುವವರು ಬೇಕಷ್ಟಿದ್ದಾರೆ. ಮರಾಠಿ ಪಾಠವನ್ನೂ ಪಕ್ಕದಲ್ಲಿ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕತಕ್ಕದ್ದು.

"ಅಜ್ಜಾರ, ನಮ್ಮ ಮಷೀನ್ ನಿಂತೈತ್ರಿ. ನಿಮ್ಮ ಕಡಿಯಿಂದ ಏನೂ ತಪ್ಪಿಲ್ಲ. ಮುಂಜಾನಿ 11 ಗಂಟೆ 20 ನಿಮಿಷಕ್ಕ ನಿಂತದ್ದು, ಬೆಂಗಳೂರಿಂದ ಉತ್ತರ ಬರವಲ್ದು, ಅಲ್ಲಿ ನೋಡಾಕತ್ಯಾರ. ನಿಮ್ಮ ಹೊಲದ ದಾಖಲೆ ಇದ್ದಂಗ ಐತಿ, ಯಾರೂ ಮುಟ್ಟಿಲ್ಲ. ನೀವು ಬಂದದ್ದು ಬರಕೊಂಡೇವಿ, ಇದು ನಿಮ್ಮ ನಂಬರ್. ನಾಳಿ ಬರಬ್ಯಾಡ್ರಿ. ಸರಿ ಆದ ಮ್ಯಾಲ ಫೋನ್ ಮಾಡ್ತೇವಿ, ನಿಮ್ಮ ಊರಾಗ ನೆಟ್‌ವರ್ಕ್ ಇರದಿದ್ರ ಪೋಸ್ಟಿನ್ಯಾಗ ಕಳಸ್ತೇವಿ. ಅಲ್ಲೀತನಕ ಕೈಲೆ ಬರದ ಈ ಚೀಟಿ ಸೊಸಾಯಿಟಿಯೊಳಗ ನಡೀತೈತಿ. ಇವತ್ತಿನ ಬಸ್ ಚಾರ್ಜ್ ಬಾಜೂ ಕೌಂಟರಿನ್ಯಾಗ ಇಸ್ಕೊಳ್ರಿ."

ಕೊನೆಯ ವಾಕ್ಯಕ್ಕೆ ಹಣಕಾಸು ಇಲಾಖೆಯ ಒಪ್ಪಿಗೆ ಬೇಕಾದೀತು. ಅದರ ಮೇಲಿನ ಸಾಲುಗಳಿಗೆ ಯಾರ ಒಪ್ಪಿಗೆಯೂ ಬೇಕಿಲ್ಲ.